ಜಿಂಬುಲ್ ಸುಟ್ಟ ಕತ್ತಿಮೀನು

ಹತ್ತನೆಯ ಗಂಡಸು ಇನ್ನೂ ಬಂದಿರಲಿಲ್ಲ.

ಇಜ್ಮಿರಿನ ಯೆಹೂದಿ ಸ್ಮಶಾನದಲ್ಲಿ, ಹೆಂಡತಿ ಜಿಂಬುಲ್‌ಳ ಗೋರಿಯ ಮುಂದೆ ಮುದುಕ ಬೋಹೋರ್ ತಲೆ ತಗ್ಗಿಸಿ ನಿಂತಿದ್ದ. "ಅವನು ಬರೋಷ್ಟರಲ್ಲಿ ನಾನೇ ಇಲ್ಲೊಂದು ಜಾಗ ಹಿಡೀತೀನಿ ಮಾರಾಯ," ಎಂದು ಗೆಳೆಯ ಮೊರೆನೋ ಗೊಣಗಿದ.

ನಾಳೆ ಸಂಜೆ ಪ್ರಾಯಶ್ಚಿತ್ತದ ದಿನವಾದ ಕಿಪ್ಪೂರಿನ ಉಪವಾಸ ಹಿಡಿಯಬೇಕು. ದೇವರಿಗೆ ಮಾಡಿದ ತಪ್ಪನ್ನು ದೇವರು ಅಂದು ಮನ್ನಿಸುತ್ತಾನೆ. ಮನುಷ್ಯರಿಗೆ ಮಾಡಿದ್ದನ್ನು ಆ ಮನುಷ್ಯರೇ ಮನ್ನಿಸಬೇಕು. ಅವರು ತೀರಿಕೊಂಡಿದ್ದರೆ, ಹತ್ತು ಗಂಡಸರ ಎದುರು ಗೋರಿಯ ಬಳಿ ಬೇಡಿಕೊಳ್ಳಬೇಕು. ಬೇಡಬಹುದು ಅಷ್ಟೆ. ಗೋರಿ ಮಾತಾಡುವುದಿಲ್ಲ.

ಬೋಹೋರ್ ಮಾಡಿದ ತಪ್ಪು ಕತ್ತಿಮೀನಿನದು. ಹುರುಪೆಯಿಲ್ಲದ ಮೀನು ಯೆಹೂದಿಗಳಿಗೆ ನಿಷಿದ್ಧ. ಕತ್ತಿಮೀನಿಗೆ ಮರಿಯಾಗಿದ್ದಾಗ ಹುರುಪೆಯಿರುತ್ತದೆ, ಬೆಳೆದ ಮೇಲೆ ಉದುರಿಹೋಗುತ್ತದೆ. ಹಾಗಾಗಿ ಅದು ಸಲ್ಲುತ್ತದೆಂದು ಬೋಹೋರನ ಮನೆಯವರು ತಲೆಮಾರುಗಳಿಂದ ತಿಂದವರು. ಜಿಂಬುಲ್‌ಳ ಅಪ್ಪ ಅದನ್ನು ಹೊಸಿಲು ದಾಟಿಸಿದವನಲ್ಲ.

ಮದುವೆಯಾದ ಹೊಸತರಲ್ಲಿ, ಅದನ್ನು ಬೇಯಿಸಲಾರೆನೆಂದು ಅವಳು ಅತ್ತಿದ್ದಳು. "ನನ್ನ ಮನೇಲಿ ನಮ್ಮಮ್ಮನ ಅಡುಗೆ," ಎಂದು ಬೋಹೋರ್ ತಟ್ಟೆ ತಳ್ಳಿದ. ಮುಂದಿನ ಶುಕ್ರವಾರ ಅವಳೇ ಪೇಟೆಗೆ ಹೋಗಿ, ಚರ್ಮ ಸುಲಿಸಿ, ತುಂಡು ಮಾಡಿಸಿ ತಂದಳು. ನಿಂಬೆ, ಟೊಮ್ಯಾಟೊ ಹೋಳುಗಳ ನಡುವೆ ಕಡ್ಡಿಗೆ ಪೋಣಿಸಿ ಕೆಂಡದ ಮೇಲೆ ಸುಟ್ಟಳು. ಬಡಿಸಿದಳು, ತಾನೂ ತಿಂದಳು. ಮತ್ತೆ ಆ ಮಾತೆತ್ತಲಿಲ್ಲ. ಕೊನೆಯ ಕಾಯಿಲೆಯವರೆಗೂ ಶುಕ್ರವಾರ ತಪ್ಪಲಿಲ್ಲ.

ಒಮ್ಮೆ ಊಟಕ್ಕೆ ಬಂದ ಅವಳ ಅಪ್ಪನೂ ಎರಡು ಸಲ ಬಡಿಸಿಕೊಂಡಿದ್ದ. ಅಂದು ಬೋಹೋರ್ ಗೆದ್ದವನಂತೆ ಮೀಸೆ ತಿರುವಿದ್ದ. ಅವಳು ಹೋದ ಮೇಲೆ ಆ ನೆನಪೇ ಎದೆ ಕೊರೆಯತೊಡಗಿತು. ಮಗಳ ಸಂಸಾರ ಉಳಿಯಲೆಂದು ಆ ಹಿರಿಯ ಎಂಥ ತುತ್ತು ನುಂಗಿದನೋ! ಇಬ್ಬರ ನೇಮ ಕೆಡಿಸಿದ್ದಾಯಿತು. ತಿಂದದ್ದನ್ನು ತಿನ್ನದಂತೆ ಮಾಡುವ ದಾರಿ ಯಾವುದಿತ್ತು?

ಕಡೆಗೂ ನಾದಿನಿ ವೀದಾಳ ಮಗ ಬಂದ. ಅವನ ತೋಳು ಹಿಡಿದು ವೀದಾಳೂ ಬಂದಳು. ಅಕ್ಕನ ಜೊತೆ ವಾರವಾರ ಪೇಟೆಗೆ ಹೋಗುತ್ತಿದ್ದವಳು. ಅವಳ ಮುಖ ನೋಡಲಾರದೆ ಬೋಹೋರ್ ಚಪ್ಪಲಿ ಕಳಚಿ ಕಲ್ಲಿನ ಮೇಲೆ ಕೈಯಿಟ್ಟ.

"ಜಿಂಬುಲ್, ತಿನ್ನಬಾರದ್ದನ್ನ ನಿನ್ನ ಕೈಲಿ ತಿನ್ನಿಸಿದೆ. ನಿಮ್ಮಪ್ಪನಿಗೂ ತಿನ್ನಿಸಿದೆ. ಕ್ಷಮಿಸು."

ಸತ್ತವಳ ಪರವಾಗಿ ಮನ್ನಿಸಿದೆವು ಎನ್ನಲು ಗಂಡಸರು ಬಾಯಿ ತೆರೆಯುವುದರೊಳಗೆ ವೀದಾ ಕೈಯೆತ್ತಿ ತಡೆದಳು. ಅವಳ ಕಣ್ಣು ತುಂಬಿತ್ತು, ತುಟಿ ಮಾತ್ರ ನಗು ತಡೆಯುತ್ತಿತ್ತು.

"ನೀವು ಇಷ್ಟು ವರ್ಷ ಚಪ್ಪರಿಸಿದ್ದು ಹುರುಪೆ ಇರೋ ಹಳದಿಬಾಲದ ಮೀನು, ಭಾವ, ನಮ್ಮಕ್ಕ ಕತ್ತಿಮೀನನ್ನ ಒಂದಿನಾನೂ ಮನೆಗೆ ತರಲಿಲ್ಲ."