ಚಾವಿಗೆ ಇಬ್ಬರ ಒಪ್ಪಿಗೆ

ಹೈಬ್ರಿಡ್ ಕಾರಿಗೆ ಹೊಸ ಚಾವಿ ಮಾಡಿಸುವುದೆಂದರೆ ಎರಡು ಮನೆಯವರನ್ನು ಒಪ್ಪಿಸಿ ಮದುವೆ ಮಾಡಿಸಿದ ಹಾಗೆ. ಬ್ಯಾಟರಿಯೂ ಹೂಂ ಅನ್ನಬೇಕು, ಎಂಜಿನ್ನೂ ಹೂಂ ಅನ್ನಬೇಕು. ಹುಬ್ಬಳ್ಳಿಯ ಚಾವಿ ಅಂಗಡಿಯ ಮೌಲಾಸಾಬರು ಹೊಸದನ್ನು ಡ್ಯಾಶ್‌ಬೋರ್ಡಿಗೆ ತೋರಿಸಿದ ಕೂಡಲೇ ಬ್ಯಾಟರಿ "ಆತ್ರೀ" ಎಂದಿತು. ಎಂಜಿನ್ ಮಾತ್ರ ಕಾರಿನ ಒಡತಿಯ ಮೇಲೆ ಗುರ್ರೆಂದಿತು.

"ಈಕಿ ನನ್ನ ಯಾವಾಗರ ಮಾತಾಡ್ಸ್ಯಾಳೇನು? ಏನಿದ್ರೂ ಬ್ಯಾಟರಿಗೇ ಹೇಳ್ತಾಳ. ನಾ ಒಪ್ಪಂಗಿಲ್ಲ."

ಹಳೆಯ ಚಾವಿ ಕಳೆದುಕೊಂಡಿದ್ದ ಪ್ರಭಾವತಿ ಗಡಿಯಾರ ನೋಡಿದಳು. "ಹನ್ನೊಂದಕ್ಕ ಧಾರವಾಡದಾಗ ನನ್ನ ತಮ್ಮನ ಕೂಸಿಗೆ ಹೆಸರಿಡ್ತಾರ್ರೀ ಸಾಬ್ರ. ಸೋದರತ್ತಿ ನಾನೇ. ಕಿವ್ಯಾಗ ಹೆಸರು ನಾನೇ ಹೇಳ್ಬೇಕು."

"ಹಂಗಾದ್ರ ಆ ಹೆಸರು ಮೊದಲು ಇದಕ್ಕ ಹೇಳ್ರಿ ಅಕ್ಕಾರ. ತಾನೂ ಮನಿಮಂದಿ ಅಂತ ಅನ್ನಿಸಿದ್ರ ಸಿಟ್ಟು ಇಳೀತೈತಿ."

ಪ್ರಭಾವತಿ ಬಾನೆಟ್ಟಿನ ಮೇಲೆ ಬಾಗಿ ಎಂಜಿನ್ನಿಗೆ ಪಿಸುಗುಟ್ಟಿದಳು. ಬ್ಯಾಟರಿ ಮುನಿಸಿಕೊಳ್ಳದಿರಲೆಂದು ಅದಕ್ಕೂ ಹೇಳಿದಳು. ಯಾರ ಮುಂದೆಯೂ ಬಾಯಿ ಬಿಡುವುದಿಲ್ಲವೆಂದು ಎರಡರಿಂದಲೂ ಮಾತು ತೆಗೆದುಕೊಂಡಳು. ಎಂಜಿನ್ ಒಪ್ಪಿತು, ಕಾರು ಹೊರಟಿತು.

ಧಾರವಾಡದಲ್ಲಿ ತೊಟ್ಟಿಲ ಸುತ್ತ ಹೆಂಗಸರು ಕೈ ಎತ್ತಿ ಕಾಯುತ್ತಿದ್ದರು. ಹೆಸರು ಹೇಳಿದವರ ಬೆನ್ನಿಗೆ ಗುದ್ದುವುದು ರೂಢಿ. ಪ್ರಭಾವತಿ ಕೂಸಿನ ಕಿವಿಗೆ ಬಾಗಿ, ಹೆಸರಿಗೆ ಮುಂಚೆ ಹೇಳುವ "ಕುರ್ರ್" ಎನ್ನುವಷ್ಟರಲ್ಲಿ, ಹುಟ್ಟಿದಾಗಿನಿಂದ ಒಂದಕ್ಕೊಂದು ಸೇರದಿದ್ದ ಎರಡು ದನಿಗಳು ಅಂಗಳದಿಂದ ಒಟ್ಟಿಗೇ ಕೂಗಿದವು:

"ಇಂದುಧರಾ!"

ಹೆಂಗಸರು ಅವಳನ್ನು ಬಿಟ್ಟು ಹೊರಗೋಡಿ ಬಾನೆಟ್ಟಿಗೆ ದಬದಬ ಗುದ್ದಿದರು.