ಹದಿನೇಳರ ಭಾಗಾಕಾರ

ಕೊಪ್ಪಳದ ಗಣಿತ ಸ್ಪರ್ಧೆಯಿಂದ ಮರಳಿ ಬಂದ ಅನುಷಾಳ ಉತ್ತರಪತ್ರಿಕೆಯ ಅಂಚಿನಲ್ಲಿ, ಗೀಟು ಹೊಡೆದಿದ್ದ ಲೆಕ್ಕವೊಂದನ್ನು ಕಂಡು ಕೊಟ್ರೇಶ ಮಾಸ್ತರರು ಪಾಠ ನಿಲ್ಲಿಸಿದರು. 333333331 ಅನ್ನು ಹುಡುಗಿ ಹದಿನೇಳರಿಂದ ಭಾಗಿಸಿದ್ದಳು. ಶೇಷ ಸೊನ್ನೆ ಬಂದಿತ್ತು. ಆಮೇಲೆ ಅದನ್ನು ಹೊಡೆದುಹಾಕಿ, ಕೆಳಗೆ ದುಂಡಗೆ ‘ಅವಿಭಾಜ್ಯ ಸಂಖ್ಯೆ’ ಎಂದು ಬರೆದಿದ್ದಳು. ಒಂದೇ ಅಂಕದಲ್ಲಿ ಆಕೆಗೆ ರಾಜ್ಯಮಟ್ಟದ ಸ್ಪರ್ಧೆ ತಪ್ಪಿಹೋಗಿತ್ತು.

“ಸೊನ್ನಿ ಬಂದಿತ್ತಲ್ಲವ್ವ, ಮತ್ಯಾಕ ಹೊಡದಿ?” ಎಂದು ಆಕೆಯನ್ನು ಹತ್ತಿರ ಕರೆದು ಕೇಳಿದರು.

“ನೀವ ಹೇಳಿದ್ರಲ್ರಿ ಸರ್, ಎಷ್ಟ ಮೂರು ಬರದು ಕಡೀಗೆ ಒಂದು ಹಚ್ಚಿದ್ರೂ ಅದು ಯಾವುದರಿಂದಲೂ ಭಾಗ ಹೋಗಂಗಿಲ್ಲ ಅಂತ. ನಂದ ಎಲ್ಲೋ ತಪ್ಪಿರಬೇಕು ಅನ್ಕೊಂಡ್ನಿರಿ.”

ಹೌದು, ಹೇಳಿದ್ದರು. 31, 331, 3331 ಎಂದು ಏಳು ಸಂಖ್ಯೆಗಳನ್ನು ಇದೇ ಬೋರ್ಡಿನ ಮೇಲೆ ಬರೆದು, ಮುಂದಿನವೂ ಹೀಗೇ ಎಂದು ಕೈ ಬೀಸಿ ಮುಗಿಸಿದ್ದರು. ಎಂಟನೆಯದಾದ ಈ ಸಂಖ್ಯೆಯನ್ನು ಭಾಗಿಸುವ ಗೊಡವೆಗೇ ಹೋಗಿರಲಿಲ್ಲ. ಹುಡುಗಿಯ ಮುಖ ನೋಡಲಾಗದೆ ಅವರು ತರಗತಿಯ ಕಡೆ ತಿರುಗಿದರು.

“ಅನುಷಾ ಮಾಡಿದ್ದು ಖರೆ ಇತ್ತು. ಆಕಿ ಭಾಗಿಸಿ ನೋಡಿದ್ಲು, ನಾ ನೋಡಿರಲಿಲ್ಲ. ತಪ್ಪು ನಂದು.”

ತಲೆ ತಗ್ಗಿಸಿ ನಿಂತಿದ್ದ ಅನುಷಾ ಮೆಲ್ಲಗೆ ಕೇಳಿದಳು:

“ಸರ್, ಮೊದಲಿನ ಏಳನ್ನಾದ್ರೂ ಭಾಗಿಸಿ ನೋಡೀರೇನ್ರಿ?”

“ಇಲ್ಲವ್ವ,” ಎಂದರು ಮಾಸ್ತರರು.

ಅನುಷಾ ತನ್ನ ಜಾಗಕ್ಕೆ ಹೋಗಿ ಕುಳಿತು, ನೋಟ್‌ಬುಕ್ಕಿನ ಹೊಸ ಹಾಳೆ ತೆಗೆದು, 31ರಿಂದ ಶುರುಮಾಡಿದಳು.