ಕಲಾಯಿ ಕಾಣದ ತುದಿ

ಸೊಸೆ ಹದಿನೆಂಟು ಸರ್ಕ್ಯೂಟ್ ಬೋರ್ಡುಗಳನ್ನೂ ಒಂದೊಂದಾಗಿ ಎತ್ತಿ ಕೆಂಪು ತಟ್ಟೆಗೆ ಹಾಕಿದಳು. ಕೆಂಪು ತಟ್ಟೆ ಎಂದರೆ ತಿರಸ್ಕಾರ. ಉದ್ದನೆಯ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ ಕೈಗಳೆಲ್ಲ ಒಂದು ಗಳಿಗೆ ನಿಂತವು. ಹದಿನೆಂಟನ್ನೂ ಬೆಸೆದವಳು ಅತ್ತೆ. ಅತ್ತೆಯ ಕೆಲಸ ಆ ತಟ್ಟೆಗೆ ಬಿದ್ದದ್ದನ್ನು ಇದುವರೆಗೆ ಕಂಡವರಿರಲಿಲ್ಲ. ಕಾರ್ಖಾನೆಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಆಕೆ ಬೆಳ್ಳಿಕೈ.

"ಅಯ್ಯೋ ಬೆಳ್ಳಿಕೈ, ಮನೆ ಜಗಳ ಮೇಜಿನ ಮೇಲೆ ಬಂತಲ್ಲೇ!" ಪಕ್ಕದ ಮೇಜಿನ ಗೆಳತಿ ಕಿಸಕ್ಕನೆ ನಕ್ಕಳು. "ಊರಲ್ಲೆಲ್ಲ ಅತ್ತೆ ಕೊಂಕು ಹುಡುಕಿದ್ರೆ, ಇಲ್ಲಿ ಸೊಸೆ ಹುಡುಕ್ತಾಳೆ!"

ಬೆಳ್ಳಿಕೈ ನಗಲಿಲ್ಲ. ಬೆಸುಗೆ ಕಡ್ಡಿಯನ್ನು ಅದರ ಗೂಡಿಗೆ ಸಿಕ್ಕಿಸಿ, ಕೈ ಒರೆಸಿಕೊಂಡು, ತಪಾಸಣೆಯ ಮೇಜಿನತ್ತ ನಡೆದಳು. ಸೊಸೆ ಆ ಮೇಜಿಗೆ ಬಂದು ಇನ್ನೂ ಮೂರು ತಿಂಗಳು. ಮನೆಯಲ್ಲಿ ಅಡುಗೆಗೆ ಉಪ್ಪು ಕಡಿಮೆಯಾಯಿತೆಂದು ಸಹ ಬಾಯಿಬಿಡದ ಹುಡುಗಿ.

"ಏನಮ್ಮಾ ಆಗಿದೆ ಇದಕ್ಕೆ?"

"ನೀವೇ ನೋಡಿ ಅತ್ತೆ." ಸೊಸೆ ಎದ್ದು ತನ್ನ ಸ್ಟೂಲು ಬಿಟ್ಟುಕೊಟ್ಟಳು.

ಸೂಕ್ಷ್ಮದರ್ಶಕದ ಕೆಳಗೆ ಐಸಿ ಚಿಪ್ಪಿನ ಪುಟ್ಟ ತಾಮ್ರದ ಕಾಲುಗಳು ಸಾಲಾಗಿ ನಿಂತಿದ್ದವು. ಉದ್ದವಾದ ಕಾಲುಗಳನ್ನು ಬೋರ್ಡಿನ ಅಳತೆಗೆ ಕತ್ತರಿಸಿ, ಕೂರಿಸಿ, ಬೆಸೆಯುವುದು ಬೆಳ್ಳಿಕೈಯ ಕೆಲಸ. ಕಾಲು ಬಾಗುವ ಹಿಮ್ಮಡಿಯಲ್ಲಿ ಬೆಸುಗೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಆದರೆ ಕತ್ತರಿಸಿದ ತುದಿಯಲ್ಲಿ ತಾಮ್ರ ಬರಿಮೈಯಲ್ಲಿ ಕಂದಿ ನಿಂತಿತ್ತು. ಬೆಸುಗೆ ಅದನ್ನು ಮುಟ್ಟಲೊಲ್ಲದೆ, ಎಣ್ಣೆ ಸವರಿದ ತಟ್ಟೆಯ ಮೇಲಿನ ನೀರಿನಂತೆ ಗುಂಡಗಾಗಿ ಹಿಂದೆ ಸರಿದಿತ್ತು.

"ಹಿಮ್ಮಡಿ ಗಟ್ಟಿಯಾಗಿದೆ. ಭಾರ ಹೊರೋದು ಅದೇ ತಾನೇ?" ಬೆಳ್ಳಿಕೈಯ ದನಿ ಏರಿತು. "ತುದಿ ಒಂಚೂರು ಬರಿದಾಗಿದ್ರೆ ಯಾರೂ ವಾಪಸ್ ಕಳಿಸಲ್ಲ. ನಾನು ಈ ಕೆಲಸ ಹಿಡಿದಾಗ ನೀನಿನ್ನೂ ಅಂಬೆಗಾಲಿಡ್ತಿದ್ದೆ."

"ಬೇರೆ ಬೋರ್ಡಾಗಿದ್ರೆ ನಾನೂ ಬಿಡ್ತಿದ್ದೆ ಅತ್ತೆ. ಇದು ಆಂಬ್ಯುಲೆನ್ಸಲ್ಲಿ ಇಡೋ ಉಸಿರಾಟದ ಯಂತ್ರಕ್ಕೆ. ದಿನವೆಲ್ಲ ಕುಲುಕ್ತಾನೇ ಇರುತ್ತೆ. ತುದಿಗೂ ಬೆಸುಗೆ ಹಿಡಿದಿರಲೇಬೇಕು ಅಂತ ನಕ್ಷೆಯಲ್ಲೇ ಬರೆದಿದ್ದಾರೆ." ದನಿ ಮೆಲ್ಲಗಿತ್ತು, ಮಾತು ಮಾತ್ರ ಅಲುಗಲಿಲ್ಲ.

ಬೆಳ್ಳಿಕೈ ಮತ್ತೊಮ್ಮೆ ಬಗ್ಗಿ ನೋಡಿದಳು. ನೋಡುತ್ತ ನೋಡುತ್ತ ನೆತ್ತಿಗೇರಿದ್ದ ಸಿಟ್ಟು ತಾನಾಗಿ ಇಳಿಯಿತು. ಕತ್ತರಿಸಿದ ಕಾಲನ್ನು ಕೂತಲ್ಲೇ ಕರಗಿದ ತವರದ ಕಲಾಯಿ ಬಟ್ಟಲಿಗೆ ಅದ್ದಬೇಕು, ಬರಿಯ ತಾಮ್ರವನ್ನು ಗಾಳಿಗೆ ಬಿಡಬಾರದು ಎಂದು ಈ ಕೋಣೆಯ ಅರ್ಧ ಜನರಿಗೆ ಹೇಳಿಕೊಟ್ಟವಳು ಆಕೆಯೇ. ಈ ಹುಡುಗಿಗೂ ಹೇಳಿಕೊಟ್ಟಿದ್ದಳು. ಕಳೆದ ಗುರುವಾರ ಮಧ್ಯಾಹ್ನ ಬೆಳ್ಳಿಕೈ ಅಷ್ಟೂ ಐಸಿಗಳ ಕಾಲು ಕತ್ತರಿಸಿ ಮುಗಿಸಿದ್ದಳು. ಮಾರನೆಯ ದಿನಕ್ಕೆ ತನ್ನ ಗಂಡ ತೀರಿಕೊಂಡು ವರ್ಷ ತುಂಬುತ್ತಿತ್ತು. ಯಾಕೋ ಕೈ ಮುಂದೆ ಓಡಲಿಲ್ಲ. 'ದೇವರೇ, ನಾಳೆಯ ದಿನ ದಾಟಿಸು' ಎಂದುಕೊಂಡು ಎಲ್ಲವನ್ನೂ ಮೇಜಿನ ಮೇಲೆ ಹಾಗೆಯೇ ಬಿಟ್ಟು ಮನೆಗೆ ಹೋಗಿದ್ದಳು. ಸೋಮವಾರ ಬಂದವಳು, ಕಲಾಯಿ ಆಗಿದೆ ಎಂದೇ ತಿಳಿದು, ನೇರವಾಗಿ ಬೆಸೆಯಲು ಕೂತಿದ್ದಳು.

ಮಾವನ ವರ್ಷದ ದಿನ ಸೊಸೆಗೂ ನೆನಪಿತ್ತು, ಬರಿಯ ತುದಿ ಕಂಡಾಗಲೇ ಉಳಿದದ್ದನ್ನು ಊಹಿಸಿದ್ದಳು. ಗಾಜು ಒರೆಸುವವಳಂತೆ ಬಗ್ಗಿ ಪಿಸುಗುಟ್ಟಿದಳು. "ಬೋರ್ಡು ಹೇಗೂ ಹೊರಗೆ ಹೋಗಲ್ಲ ಅತ್ತೆ. ಚೀಟಿಯಲ್ಲಿ ಐಸಿಯದೇ ದೋಷ ಅಂತ ಬರೀತೀನಿ. ನಿಮ್ಮ ಹೆಸರು ಯಾಕೆ?"

"ಐಸಿ ಮಾಡಿದೋರು ನಿನಗೇನು ಅನ್ಯಾಯ ಮಾಡಿದ್ದಾರೆ?"

ಸೊಸೆ ತಲೆತಗ್ಗಿಸಿದಳು. ಅಷ್ಟರಲ್ಲಿ ಮೇಲ್ವಿಚಾರಕರು ದಾಪುಗಾಲಿಟ್ಟುಕೊಂಡು ಬಂದರು. ಕೆಂಪು ತಟ್ಟೆ ನೋಡಿದರು, ಸೊಸೆಯನ್ನು ನೋಡಿದರು.

"ಬಾಗಿಲಲ್ಲಿ ವ್ಯಾನು ಕಾಯ್ತಿದೆ, ನೀನು ಹದಿನೆಂಟನ್ನೂ ತಡೆದು ಕೂತಿದ್ದೀಯಲ್ಲ! ಯಾರ ಕೆಲಸ ಇದು, ಬೆಳ್ಳಿಕೈದಾ? ಅವರ ಕೆಲಸಾನ ನಾವು ನೋಡೋದೇ ಇಲ್ಲಮ್ಮ. ಕಣ್ಣು ಮುಚ್ಚಿಕೊಂಡು ಸೀಲು ಒತ್ತು."

ಸೊಸೆಯ ಕಿವಿ ಕೆಂಪೇರಿತು. ಆದರೂ ಹುಡುಗಿ ಸೀಲನ್ನು ಅಂಗೈಯಿಂದ ಮುಚ್ಚಿ ಹಿಡಿದಳು.

"ಒತ್ತಲ್ಲ ಸಾರ್."

"ನಿಮ್ಮ ಸೊಸೆಗೆ ನೀವಾದ್ರೂ ಬುದ್ಧಿ ಹೇಳಿ," ಎಂದು ಅವರು ಬೆಳ್ಳಿಕೈಯತ್ತ ತಿರುಗಿದರು.

ತಾನು ಒಂದು ಮಾತು ಹೇಳಿದರೆ ಆ ಅಂಗೈ ತೆರೆದೀತು ಎಂಬುದು ಬೆಳ್ಳಿಕೈಗೆ ಗೊತ್ತಿತ್ತು. ಆಕೆ ಸ್ಟೂಲಿನಿಂದ ಎದ್ದಳು. ಚೀಟಿ ಎಳೆದುಕೊಂಡು, ಕಾರಣ ಬರೆಯುವ ಜಾಗದಲ್ಲಿ, ಕಲಾಯಿ ಮಾಡದೆ ಬೆಸೆದದ್ದು ಎಂದು ತನ್ನ ಕೈಯಾರೆ ಬರೆದು, ಕೆಳಗೆ ತನ್ನ ಪೂರ್ತಿ ಹೆಸರು ಹಾಕಿದಳು.

"ತಪ್ಪು ನಂದೇ ಸಾರ್. ವ್ಯಾನು ವಾಪಸ್ ಕಳಿಸಿ. ತುದಿ ಕೆರೆದು, ಕಲಾಯಿ ಹಿಡಿಸಿ, ನಾಳೆ ಸಂಜೆಗೆ ಕೊಡ್ತೀನಿ."

ಮೇಲ್ವಿಚಾರಕರು ತಡವರಿಸಿದರು. "ಇಷ್ಟು ವರ್ಷದಲ್ಲಿ ನಿಮ್ಮ ಕೆಲಸ ಒಂದು ದಿನವೂ..."

"ಇಷ್ಟು ವರ್ಷ ನೀವೆಲ್ಲ ನನ್ನ ಮುಖ ನೋಡಿ ಸೀಲು ಒತ್ತಿದ್ರಿ. ಇವಳು ಕೆಲಸ ನೋಡಿದಳು." ಬೆಳ್ಳಿಕೈ ಕತ್ತೆತ್ತಿ, ಕಡೆಯ ಮೇಜಿನವರೆಗೂ ಕೇಳುವಂತೆ ಸೇರಿಸಿದಳು, "ನನ್ನ ಸೊಸೆ."